ಸವರಿದ ಸೇರು

ಅಪ್ಪ ಕಲಿಸಿದ್ದನ್ನೆಲ್ಲ ನಾನು ಮುಂದೆ ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಖುಷಿಯಾಗಿಯೇ ಕಲಿಸಿದೆ, ಒಂದು ಪಾಠ ಬಿಟ್ಟು. ಅಳತೆಯನ್ನು ತೂಕಕ್ಕೆ ತಿರುಗಿಸುವ ಪಾಠ ಬಂದ ದಿನ ಮಾತ್ರ ಹಲ್ಲು ಕಚ್ಚಿಕೊಂಡು ಮುಗಿಸಿ, ಮಕ್ಕಳನ್ನು ಆಟಕ್ಕೆ ಬಿಟ್ಟುಬಿಡುತ್ತಿದ್ದೆ. ಟೀಚರಿಗೆ ಈ ಪಾಠ ಬರುವುದಿಲ್ಲ ಎಂದು ಕೆಲವರು ಅಂದುಕೊಂಡಿದ್ದಿರಬೇಕು. ಬರುತ್ತಿತ್ತು. ಬೇಕಾದ್ದಕ್ಕಿಂತ ಚೆನ್ನಾಗಿ ಬರುತ್ತಿತ್ತು.

ಅಪ್ಪ ಚಾಮರಾಜನಗರದಲ್ಲಿ ಲೆಕ್ಕ ಮತ್ತು ವಿಜ್ಞಾನದ ಮೇಷ್ಟ್ರು. ನಮ್ಮ ಹೊಲ ಹತ್ತಿರದ ಹರದನಹಳ್ಳಿಯಲ್ಲಿತ್ತು. ನಾನು ಒಬ್ಬಳೇ ಮಗಳು, ಆಗ ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ತರಗತಿಯಲ್ಲಿದ್ದ ಹುಡುಗಿಯರು ನಾವು ನಾಲ್ಕೇ ಜನ. ಮೇಷ್ಟ್ರ ಮಗಳು ಅನ್ನುವುದರಿಂದ ನನಗೆ ಕೊಂಬು ಬಂದಿತ್ತು ಅನ್ನಿ. ಅಪ್ಪ ಅಡುಗೆಮನೆಯಲ್ಲೇ ನನಗೆ ಪಾಠ ಮಾಡುತ್ತಿದ್ದರು. ತಾತನ ಕಾಲದ ಹಿತ್ತಾಳೆ ಸೇರಿಗೆ ಒಮ್ಮೆ ಉಪ್ಪು ತುಂಬಿಸುವರು, ಒಮ್ಮೆ ಹತ್ತಿಬೀಜ, ಒಮ್ಮೆ ರಾಗಿ, ಒಮ್ಮೆ ರಾಗಿಹಿಟ್ಟು. ಎಲ್ಲವೂ ಒಂದೇ ಸೇರು, ಆದರೆ ಎತ್ತಿದರೆ ಕೈಗೆ ಒಂದೊಂದು ಒಂದೊಂದು ಭಾರ.

"ಸೇರು ಅನ್ನೋದು ಜಾಗ. ತೂಕ ಅನ್ನೋದು ಭಾರ. ಎರಡರ ನಡುವೆ ಒಂದು ಸಂಖ್ಯೆ ಇರುತ್ತೆ, ಪದಾರ್ಥಕ್ಕೊಂದು. ಅದನ್ನ ತಿಳಕೊಂಡೋರಿಗೆ ಯಾರೂ ಮೋಸ ಮಾಡಕ್ಕಾಗಲ್ಲ ಕಣಮ್ಮ," ಅನ್ನುತ್ತಿದ್ದರು. ನಾನು ಈ ಮಾತನ್ನು ನಂಬಿದ್ದೆ. ಅಪ್ಪ ಏನು ಹೇಳಿದರೂ ನಂಬುತ್ತಿದ್ದೆ.

ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಮದುವೆಯಾದ ನಾಲ್ಕನೇ ವರ್ಷಕ್ಕೆ ಜ್ವರ ಬಂದು ಹೋಗಿಬಿಟ್ಟಿದ್ದರು. ಮಕ್ಕಳಿರಲಿಲ್ಲ. ಚಿಕ್ಕಮ್ಮ ಗುಂಡ್ಲುಪೇಟೆಯ ತವರಿಗೆ ಹೋದಳು. ಅಲ್ಲಿ ತನ್ನ ಅಣ್ಣನ ಮನೆಗೆ ಸೇರಿಸಿ ಕಟ್ಟಿದ್ದ ಒಂದು ಕೋಣೆಯಲ್ಲಿ ಬೇರೆ ಒಲೆ ಹೂಡಿಕೊಂಡಳು. ಚಿಕ್ಕಪ್ಪನ ಪಾಲಿನ ಹೊಲವನ್ನೂ ಅಪ್ಪನೇ ಮಾಡಿಸುತ್ತಿದ್ದುದರಿಂದ, ಹಿರಿಯರು ಕೂತು ಅವಳ ಹೊಟ್ಟೆಗೆ ಒಂದು ದಾರಿ ಮಾಡಿದರು. ದಿನಕ್ಕೆ ಅರ್ಧ ಸೇರಿನಂತೆ ವರ್ಷಕ್ಕೆ ನೂರ ಎಂಬತ್ತು ಸೇರು ರಾಗಿ, ಹಬ್ಬಕ್ಕೆ, ಬಂದು ಹೋಗುವವರಿಗೆ ಇನ್ನೊಂದಿಪ್ಪತ್ತು. ಒಟ್ಟು ಇನ್ನೂರು ಸೇರು. ತೂರಿ ಕೇರಿದ ರಾಗಿ, ಗೋಪುರದ ಸೇರು.

ಗೋಪುರ ಅಂದರೆ ಹೇಳಬೇಕು. ನಮ್ಮ ಕಡೆ ಸೇರನ್ನು ಅಂಚಿಗೆ ತುಂಬಿ ನಿಲ್ಲಿಸುವುದಿಲ್ಲ. ಅಂಚು ಮೀರಿ ಕಾಳು ಏರಿ, ಇನ್ನೊಂದು ಹಿಡಿ ಹಾಕಿದರೆ ಜಾರಿ ಬೀಳುವ ತನಕ ಹಾಕಬೇಕು. ಮೊದಲ ಸೇರಿಗೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಆಮೇಲೆ ಎರಡು, ಮೂರು. ಕೊಡುವ ಕೈ ಸೇರಿನ ತಲೆಯನ್ನು ಸವರಬಾರದು. ಸವರಿ ಕೊಟ್ಟ ಮನೆಯ ಹೆಸರು ಕೇರಿಯಲ್ಲಿ ವರ್ಷಗಟ್ಟಲೆ ಕೆಟ್ಟಿರುತ್ತಿತ್ತು.

ಪ್ರತಿ ಸುಗ್ಗಿ ಮುಗಿದ ಮೇಲೆ ಚಿಕ್ಕಮ್ಮ ಬರುವಳು. ಅಪ್ಪನೇ ಕೂತು ಅಳೆಯುವರು. ಅವಳು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಲ್ಲುವಳು. ಗಂಡನ ಅಣ್ಣನ ಎದುರು ನಿಂತು ಮಾತಾಡುವುದು ನಮ್ಮಲ್ಲಿರಲಿಲ್ಲ. ಏನು ಕೇಳಬೇಕಿದ್ದರೂ ನನ್ನನ್ನು ಕರೆದು, "ನಿಮ್ಮಪ್ಪಾರ್ಗೆ ಏಳವ್ವ" ಅನ್ನುವಳು. ಅಪ್ಪನೂ "ನಿಮ್ಮ ಚಿಕ್ಕಮ್ಮಂಗೆ ಹೇಳು" ಅನ್ನುವರು. ಇಬ್ಬರೂ ಹತ್ತು ಅಡಿ ದೂರದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವಂತೆ ನಿಂತಿದ್ದರೂ ಮಾತು ನನ್ನ ಬಾಯಿಂದಲೇ ಹೋಗಬೇಕಿತ್ತು. ನನಗೆ ಅದೊಂದು ದೊಡ್ಡಸ್ತಿಕೆ.

ಐವತ್ತರ ದಶಕ ಮುಗಿಯುತ್ತ ಬಂದಾಗ ಸರ್ಕಾರ ಕಿಲೋ ತಂದಿತು. ಅಂಗಡಿಗಳಲ್ಲಿ ಹೊಸ ತೂಕದ ಬಟ್ಟುಗಳು ಬಂದವು. ಹಳೆಯ ಸೇರು, ಪಾವು, ಚಟಾಕುಗಳನ್ನು ಇನ್ನು ಇಟ್ಟುಕೊಳ್ಳುವ ಹಾಗಿಲ್ಲವಂತೆ ಎಂದು ಜನ ಮಾತಾಡಿಕೊಂಡರು. ಆ ಸುಗ್ಗಿಯಲ್ಲಿ ಅಪ್ಪ, "ಇನ್ಮೇಲೆ ನಿಮ್ಮ ಚಿಕ್ಕಮ್ಮನ ರಾಗೀನೂ ಕಿಲೋದಲ್ಲೇ. ಒಂದು ಸೇರು ರಾಗಿ ಎಷ್ಟು ತೂಗುತ್ತೆ ನೀನೇ ಕಂಡುಹಿಡಿ. ಇನ್ನೂರರಿಂದ ಗುಣಿಸು. ಅಷ್ಟೇ," ಅಂದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯ ವ್ಯವಹಾರವೊಂದನ್ನು ನನ್ನ ಕೈಗೆ ಕೊಡುತ್ತಿದ್ದರು ಅಪ್ಪ!

ಚಿಕ್ಕಮ್ಮ ಬಂದ ಬೆಳಿಗ್ಗೆಯೇ ನಡುಮನೆಯಲ್ಲಿ ತೂಕ ನಡೆಯಿತು. ಅಪ್ಪ ಅಂಗಡಿಯೊಂದರಿಂದ ತಕ್ಕಡಿ, ಬಟ್ಟು ತಂದಿದ್ದರು. ಒಂದು ಬುಟ್ಟಿಯಲ್ಲಿ ರಾಗಿಯನ್ನೂ ತಾವೇ ತಂದಿಟ್ಟರು. ರಾಗಿಯಲ್ಲಿ ಹೊಟ್ಟು ಕಾಣುತ್ತಿತ್ತು. "ಕೇರಿಕೊಂಡು ಬರಲಾ ಅಪ್ಪ?" ಅಂದೆ. "ಇದೇ ಇರಲಿ," ಅಂದರು. ಸೇರು ತುಂಬಿದೆ, ಕೈ ತಾನಾಗಿ ಗೋಪುರ ಏರಿಸಿತು. ಅಪ್ಪ ನಕ್ಕು ನನ್ನ ಅಡಿಕೋಲನ್ನು ಮುಂದೆ ಚಾಚಿದರು. "ಗೋಪುರ ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರುತ್ತಾ? ಅಳತೆ ಅಂದ ಮೇಲೆ ಪ್ರತಿ ಸಲವೂ ಒಂದೇ ಇರಬೇಕು. ಅಂಚಿಗೆ ಸವರು." ಎಷ್ಟು ಸರಿಯಾದ ಮಾತು! ನಾನು ಅಡಿಕೋಲಿನಿಂದ ಸರ್ರನೆ ಸವರಿದೆ.

ಬಾಗಿಲ ಮರೆಯಿಂದ ಚಿಕ್ಕಮ್ಮನ ದನಿ ಬಂತು, ಮೆಲ್ಲಗೆ. "ಸವರ್ಬುಟ್ಯಲ್ಲ ಕೂಸೇ."

ನಾನು ತಿರುಗಿ ನೋಡಿ, ನನ್ನ ಜನ್ಮದಲ್ಲಿ ಆಡಿದ ಮಾತುಗಳಲ್ಲೆಲ್ಲ ಅತಿ ಕೆಟ್ಟ ಮಾತನ್ನು ಆಡಿದೆ. "ವಿಜ್ಞಾನದಲ್ಲಿ ಗೋಪುರ ಇಲ್ಲ ಚಿಕ್ಕಮ್ಮ. ನಿಂಗೆ ಗೊತ್ತಾಗಲ್ಲ, ಸುಮ್ನಿರು."

ನಾನು ಮೂರು ಸಲ ತೂಗಿದೆ. ಬರಿಯ ಸೇರಿನ ತೂಕ ಕಳೆಯುವುದನ್ನೂ ಮರೆಯಲಿಲ್ಲ. ಏಳುನೂರ ಎಪ್ಪತ್ತೈದು ಗ್ರಾಂ, ಏಳುನೂರ ಎಂಬತ್ತೈದು, ಏಳುನೂರ ಎಂಬತ್ತು. ಸರಾಸರಿ ಏಳುನೂರ ಎಂಬತ್ತು. ಅಪ್ಪ ಕಂದು ರಟ್ಟಿನ ನೋಟ್‌ಬುಕ್ಕಿನ ಒಂದು ಹೊಸ ಪುಟ ತೆಗೆದುಕೊಟ್ಟರು. ಅದರಲ್ಲಿ ಗೆರೆ ಹಾಕಿ ಬರೆದೆ. ಇನ್ನೂರು ಸೇರಿಗೆ ನೂರ ಐವತ್ತಾರು ಕಿಲೋ.

"ನಿಮ್ಮ ಚಿಕ್ಕಮ್ಮಂಗೆ ಹೇಳು," ಅಂದರು ಅಪ್ಪ.

ಹೇಳಿದೆ. ಚಿಕ್ಕಮ್ಮ ನನ್ನ ಮುಖವನ್ನೇ ನೋಡುತ್ತ, "ನೀನೇ ತೂಗ್ದಲ್ವಾ?" ಅಂದಳು. "ನಾನೇ, ಮೂರು ಸಲ!" ಅಂದೆ. "ಅಂಗಾರೆ ಸರಿ ಕಣಮ್ಮಿ," ಅಂದಳು. ಆಳು ಕಣಜದಿಂದ ಕೇರಿದ ರಾಗಿ ತೆಗೆದು ನೂರ ಐವತ್ತಾರು ಕಿಲೋ ತೂಗಿ ಮೂಟೆ ಕಟ್ಟಿದ. ಮೂಟೆಗಳನ್ನು ಗುಂಡ್ಲುಪೇಟೆ ಬಸ್ಸಿನ ಮೇಲೆ ಹಾಕಿಸಿ ಬಂದೆವು.

ಅದಾಗಿ ಏಳೆಂಟು ತಿಂಗಳು ಕಳೆದಿರಬೇಕು. ಪರೀಕ್ಷೆ ಪಾಸಾಗಿದ್ದೆ. ನನ್ನ ತೂಕದ ಪ್ರಯೋಗವನ್ನು ಗೆಳತಿಗೆ ತೋರಿಸಿ ಜಂಬ ಕೊಚ್ಚಿಕೊಳ್ಳೋಣವೆಂದು ಆ ಕಂದು ನೋಟ್‌ಬುಕ್ಕು ಹುಡುಕಿ ತೆಗೆದೆ. ನನ್ನ ಪುಟ ಸಿಕ್ಕಿತು. ಹಾಗೇ ಒಂದು ಹಾಳೆ ಹಿಂದಕ್ಕೆ ಮಗುಚಿದೆ. ಅಲ್ಲಿ ಅಪ್ಪನ ದುಂಡು ಅಕ್ಷರದಲ್ಲಿ ನಾಲ್ಕು ಸಾಲಿದ್ದವು.

ತೂರದ್ದು, ಸವರಿ — 780. ತೂರದ್ದು, ಗೋಪುರ — 850. ಕೇರಿದ್ದು, ಸವರಿ — 880. ಕೇರಿದ್ದು, ಗೋಪುರ — 960.

ಮೊದಲ ಸಾಲಿನ ಮುಂದೆ ಒಂದು ಸಣ್ಣ ಗುರುತು ಹಾಕಿತ್ತು.

ಸ್ವಲ್ಪ ಹೊತ್ತು ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಒಟ್ಟಿಗೇ ಎಲ್ಲ ಅರ್ಥವಾಯಿತು. ಅಪ್ಪ ನನಗಿಂತ ಮೊದಲೇ ತೂಗಿದ್ದರು. ನಾಲ್ಕು ಬಗೆಯಲ್ಲಿ ತೂಗಿ, ಎಲ್ಲಕ್ಕಿಂತ ಹಗುರವಾದ್ದನ್ನು ಆರಿಸಿಕೊಂಡಿದ್ದರು. ಹೊಟ್ಟು ತುಂಬಿದ ಆ ಬುಟ್ಟಿಯನ್ನು ಬೇಕೆಂದೇ ನನ್ನ ಮುಂದಿಟ್ಟಿದ್ದರು. ಹಿರಿಯರು ಹೇಳಿದ ಸೇರಿನ ಪ್ರಕಾರ ಚಿಕ್ಕಮ್ಮನಿಗೆ ನೂರ ತೊಂಬತ್ತೆರಡು ಕಿಲೋ ಹೋಗಬೇಕಿತ್ತು. ಮೂವತ್ತಾರು ಕಿಲೋ ನಮ್ಮ ಕಣಜದಲ್ಲೇ ಉಳಿದಿತ್ತು. ಅಂದರೆ ಒಬ್ಬ ಹೆಂಗಸಿನ ಎರಡೂವರೆ ತಿಂಗಳ ಮುದ್ದೆ. ಅದಿಲ್ಲದಿದ್ದರೆ ನಾವೇನು ಉಪವಾಸ ಬೀಳುತ್ತಿದ್ದೆವೇ? ಹಿಂದಿನ ವರ್ಷದ ರಾಗಿಯೇ ತಳದಲ್ಲಿ ಹಾಗೇ ಬಿದ್ದಿತ್ತು.

ಮೈಯೆಲ್ಲ ಉರಿದುಹೋಯಿತು. ರಾಗಿಯ ಆಸೆ ಒಂದು ಕಡೆ ಇರಲಿ. ಅವರೇ ತೂಗಿ ಅವರೇ ಹೇಳಬಹುದಿತ್ತು, ಆಗ ಬೇರೆ ಏನಲ್ಲದಿದ್ದರೂ ಮೋಸ ಅವರದಾಗಿರುತ್ತಿತ್ತು. ಚಿಕ್ಕಮ್ಮ ಅವರ ಮಾತನ್ನು ಅನುಮಾನಿಸುವಳು, ನನ್ನ ಮಾತನ್ನು ನಂಬುವಳು ಎಂದು ಗೊತ್ತಿದ್ದೇ ತಕ್ಕಡಿ ನನ್ನ ಕೈಗೆ ಕೊಟ್ಟಿದ್ದರು. ಹೆತ್ತ ಮಗಳನ್ನು ಹೀಗೆ ಬಳಸಿಕೊಳ್ಳುತ್ತಾರೆಯೇ ಯಾರಾದರೂ?

ಅಪ್ಪ ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ನೋಟ್‌ಬುಕ್ಕನ್ನು ಅವರ ತೊಡೆಯ ಮೇಲೆ ಬಿಚ್ಚಿಟ್ಟೆ. ಅವರು ನೋಡಿದರು. ಗಾಬರಿಯಾಗಲಿಲ್ಲ, ನಾಚಲಿಲ್ಲ. ನಾನು ತಪ್ಪು ಲೆಕ್ಕ ಮಾಡಿದಾಗ ತಿದ್ದುತ್ತಿದ್ದ ದನಿಯಲ್ಲೇ ಕೇಳಿದರು.

"ಈ ನಾಲ್ಕರಲ್ಲಿ ಯಾವುದು ಸುಳ್ಳು, ತೋರಿಸು."

ಯಾವುದೂ ಸುಳ್ಳಲ್ಲ. ನಾಲ್ಕೂ ನಿಜವೇ.

"ಚಿಕ್ಕಮ್ಮಂಗೆ ಹೇಳಿದ್ದು ಸುಳ್ಳಲ್ವಾ?" ಅಂದೆ.

"ಹೇಳಿದ್ದು ಯಾರು? ತೂಗಿದ್ದು ನೀನು. ಸವರಿದ್ದು ನೀನು. ಹೇಳಿದ್ದೂ ನೀನೇ. ನಾನು ಬಾಯಿ ಬಿಟ್ಟೆನಾ?" ಅಂದು, ನೋಟ್‌ಬುಕ್ಕು ಮಡಚಿ ಪಕ್ಕಕ್ಕಿಟ್ಟು ಮತ್ತೆ ಪೇಪರು ಎತ್ತಿಕೊಂಡರು. "ಮುಂದಿನ ವರ್ಷವೂ ಅಷ್ಟೇ. ಒಂದು ಸಲ ಗೊತ್ತುಮಾಡಿದ್ದನ್ನ ಬದಲಾಯಿಸಕ್ಕಾಗಲ್ಲ." ಅವರ ಮಾತು ಅವರು ಉಳಿಸಿಕೊಂಡರು. ಮುಂದಿನ ಸುಗ್ಗಿಗೂ ಅದರ ಮುಂದಿನದಕ್ಕೂ ನೂರ ಐವತ್ತಾರೇ ಹೋಯಿತು. ಅಪ್ಪನ ಜೊತೆ ನಾನು ಆಮೇಲೂ ಮಾತಾಡಿದ್ದೇನೆ, ಊಟ ಬಡಿಸಿದ್ದೇನೆ, ಕೊನೆಗಾಲದಲ್ಲಿ ಮೈ ಒರೆಸಿದ್ದೇನೆ. ಪಾಠ ಮಾತ್ರ ಇನ್ನು ಯಾವತ್ತೂ ಹೇಳಿಸಿಕೊಳ್ಳಲಿಲ್ಲ.

ಮರುದಿನ ಅಮ್ಮನಿಗೆ ಏನೋ ನೆಪ ಹೇಳಿ ಬೆಳಗಿನ ಬಸ್ಸಿಗೆ ಗುಂಡ್ಲುಪೇಟೆಗೆ ಹೋದೆ. ದಾರಿಯುದ್ದಕ್ಕೂ ಚಿಕ್ಕಮ್ಮನಿಗೆ ಹೇಗೆ ಹೇಳಲಿ ಎಂದು ಒಳಗೇ ಒಪ್ಪಿಸಿಕೊಳ್ಳುತ್ತಿದ್ದೆ. ಕೋಣೆಗೆ ಬೀಗ ಹಾಕಿತ್ತು. ಅವಳ ಅತ್ತಿಗೆ ಹೊರಗೆ ಬಂದು, "ಮಂಡೀಲವ್ಳೆ, ಈರುಳ್ಳಿ ಆರ್ಸಕ್ ಓಗವ್ಳೆ," ಅಂದಳು. ನಮ್ಮ ಮನೆಯ ಹೆಂಗಸರು ಯಾರೂ ಅದುವರೆಗೆ ಮಂಡಿಯ ಕೂಲಿಗೆ ಹೋದವರಲ್ಲ. "ಯಾವಾಗ್ಲಿಂದ?" ಅಂದೆ. "ರಾಗಿ ಕಮ್ಮಿ ಬಿತ್ತಂತಲ್ಲ, ಅವಾಗ್ಲಿಂದ."

ಮಧ್ಯಾಹ್ನ ಚಿಕ್ಕಮ್ಮ ಬಂದಳು. ಸೀರೆಯ ಮಡಿಲಲ್ಲೆಲ್ಲ ಈರುಳ್ಳಿ ಸಿಪ್ಪೆ ಅಂಟಿತ್ತು. ನನ್ನನ್ನು ಕಂಡು ಖುಷಿಪಟ್ಟಳೋ ಇಲ್ಲವೋ ತಿಳಿಯಲಿಲ್ಲ. "ಬಾ ಕೂಸೇ," ಎಂದು ಬೀಗ ತೆಗೆದಳು. ನಾನು ಚಾಪೆಯ ಮೇಲೆ ಕೂರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ, ನೋಟ್‌ಬುಕ್ಕು, ನಾಲ್ಕು ಸಾಲು, ಹೊಟ್ಟಿನ ಬುಟ್ಟಿ. ಹೇಳುತ್ತ ಹೇಳುತ್ತ ಅಳು ಬಂತು. ಅವಳು ಒಲೆಗೆ ಸೌದೆ ಕೂಡಿಸುತ್ತಿದ್ದವಳು ತಿರುಗಲಿಲ್ಲ.

"ನೀ ಸವರ್ದಾಗ್ಲೇ ಗೊತ್ತಾಯ್ತು ಕಣಮ್ಮಿ. ಇಲ್ಲಿಗ್ ಬಂದು ನಮ್ ಸೇರಲ್ಲಿ ಅಳ್ದೂ ನೋಡ್ದೆ. ಮೂವತ್ತೇಳು ಸೇರು ಕಮ್ಮಿ ಬಂತು."

"ಗೊತ್ತಿದ್ದೂ ಯಾಕೆ ಸುಮ್ಮನಾದೆ ಚಿಕ್ಕಮ್ಮ?"

"ನಿಮ್ಮಪ್ಪಾರು ಅಳ್ದಿದ್ರೆ ಇರೀಕರ್ನ ಕೂರ್ಸಿ ಕೇಳಿಸ್ತಿದ್ದೆ. ಅಳ್ದೋಳು ನೀನು. ಹಸುಗೂಸಲ್ಲಿಂದ ಎತ್ತಾಡ್ಸಿದ್ ಮಗಿನ ಮ್ಯಾಲೆ ಏನಂತ ಕೇಳ್ಸನ? ನೀನೂ ಗೊತ್ತಿದ್ದೇ ಮಾಡ್ದೆ ಅನ್ಕಂಡಿದ್ದೆ ನಾನು."

"ಇಲ್ಲ ಚಿಕ್ಕಮ್ಮ. ದೇವರಾಣೆ ನಂಗೆ ಗೊತ್ತಿರಲಿಲ್ಲ."

ಅವಳು ಆಗ ತಿರುಗಿ ನೋಡಿದಳು. ಅವತ್ತು ಬಾಗಿಲ ಮರೆಯಿಂದ ನೋಡಿದ ಹಾಗೆಯೇ, ಮುಖವನ್ನೇ.

"ಗೊತ್ತಿರ್ಲಿಲ್ವಾ," ಅಂದಳು. "ಸರಿ ಬುಡು."

ನಂಬಿ ಅಂದಳೋ, ಮಾತು ಮುಗಿಸಲು ಅಂದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಬದುಕಿದ್ದ ತನಕ ಕೇಳುವ ಧೈರ್ಯವೂ ಬರಲಿಲ್ಲ.

ಎಸರು ಮರಳುತ್ತಿತ್ತು. "ಉಂಡ್ಕಂಡ್ ಓಗೀವಂತೆ, ಹಿಟ್ಟು ಅಳ್ಕೊಡು," ಎಂದು ಡಬ್ಬವನ್ನೂ ಪಾವನ್ನೂ ನನ್ನ ಕಡೆ ತಳ್ಳಿದಳು. ನಾನು ಪಾವು ತುಂಬಿದೆ. ಇನ್ನೂ ಹಾಕಿದೆ, ಇನ್ನೂ ಹಾಕಿದೆ, ಹಿಟ್ಟು ಜಾರುವ ತನಕ ಗೋಪುರ ಏರಿಸಿ ಎರಡು ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದೆ. ಅವಳು ತೋರುಬೆರಳನ್ನು ಪಾವಿನ ಅಂಚಿನ ಮೇಲಿಟ್ಟು ಸರ್ರನೆ ಸವರಿದಳು. ಮೇಲಿನ ಹಿಟ್ಟು ಮತ್ತೆ ಡಬ್ಬಕ್ಕೆ ಬಿತ್ತು.

"ಈಗ ಇಲ್ಲಿ ಹಿಂಗೇ ಕಣಮ್ಮಿ," ಅಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಕೋಲಿನಿಂದ ತಿರುವಿ ಎರಡು ಮುದ್ದೆ ಕಟ್ಟಿದಳು, ಒಂದು ದೊಡ್ಡದು, ಒಂದು ಅದರ ಅರ್ಧದಷ್ಟು. ದೊಡ್ಡದನ್ನು ನನ್ನ ತಟ್ಟೆಗೆ ಹಾಕಿದಳು. ಅವಳ ಎದುರು ಕೂತು ಪೂರ್ತಿ ಉಂಡೆ.