ಸೊಪ್ಪು ಬಸಿದ ನೀರು ಕೊಟ್ಟ ಗ್ರೀಕ್ ಅಜ್ಜಿ

೨೦೦೯ರ ಮಾರ್ಚ್ ತಿಂಗಳು. ಆಗ ನಾವು ನ್ಯೂಜೆರ್ಸಿಯ ಹೋಬೋಕನ್‌ನಲ್ಲಿದ್ದೆವು. ಮದುವೆಯಾಗಿ ಐದು ವರ್ಷದ ಮೇಲೆ ನಿಂತ ಬಸಿರು. ನನಗೆ ಮೂರು ತಿಂಗಳು ತುಂಬಿತ್ತು. ಸಂತೋಷಪಡಬೇಕಾದ ಹೊತ್ತಿನಲ್ಲಿ ನೀರು ಕುಡಿದರೂ ವಾಂತಿ. ತೂಕ ಇಳಿಯುತ್ತಲೇ ಇತ್ತು. ಹೀಗೇ ಆದರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕಬೇಕಾಗುತ್ತದೆ ಎಂದು ಡಾಕ್ಟರ್ ಎಚ್ಚರಿಸಿದ್ದರು.

ಅದು ಆರ್ಥಿಕ ಕುಸಿತದ ಸಮಯ. ನನ್ನ ಗಂಡ ಪ್ರಶಾಂತ್ ಅವರ ಆಫೀಸಿನಲ್ಲಿ ವಾರಕ್ಕೆ ಇಬ್ಬರೋ ಮೂವರೋ ಕೆಲಸ ಕಳೆದುಕೊಳ್ಳುತ್ತಿದ್ದರು. ಇವರ ಸರದಿ ಯಾವಾಗಲೋ ಗೊತ್ತಿರಲಿಲ್ಲ. ಕೆಲಸ ಹೋದರೆ ವೀಸಾವೂ ಹೋದಂತೆ. ಬಾಣಂತನಕ್ಕೆ ಅಮ್ಮ ಮೈಸೂರಿನಿಂದ ಬರುವುದೆಂದು ಮಾತಾಗಿತ್ತು. "ನಾವೇ ಇಲ್ಲಿರ್ತೀವೋ ಇಲ್ವೋ ಗೊತ್ತಿಲ್ಲ, ಈಗ ಬರಬೇಡಮ್ಮ" ಎಂದು ಫೋನಿನಲ್ಲಿ ನಾನೇ ಹೇಳಿದೆ. ಅಮ್ಮ, "ಆಯ್ತು ಬಿಡು ಕಂದ. ಹೊಟ್ಟೆಗೆ ಏನಾದ್ರೂ ತಿನ್ನು" ಅಂದರು. ಅವತ್ತು ಬಹಳ ಅತ್ತಿದ್ದೆ.

ಒಂದು ಗುರುವಾರ ನ್ಯೂಯಾರ್ಕಿನ ಫ್ಲಶಿಂಗ್‌ನ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ದೋಸೆ ತಿನ್ನುವ ಆಸೆಯಾಯಿತು. ರಜೆ ಕೇಳಲು ಪ್ರಶಾಂತ್‌ಗೆ ಧೈರ್ಯವಿರಲಿಲ್ಲ. ಒಬ್ಬಳೇ ಟ್ರೇನುಗಳನ್ನು ಬದಲಿಸಿಕೊಂಡು ಹೋದೆ. ಅಷ್ಟು ದೂರ ಹೋದರೂ ಒಗ್ಗರಣೆಯ ವಾಸನೆ ತಡೆಯಲಾರದೆ, ದೋಸೆ ಮುಟ್ಟದೆ ಎದ್ದುಬಂದೆ. ವಾಪಸು ಬರುವಾಗ ಕಣ್ಣು ಕತ್ತಲೆ ಬಂದಂತಾಗಿ ನಡುವೆ ಒಂದು ಸ್ಟೇಷನ್ನಿನಲ್ಲಿ ಇಳಿದೆ. ಸುಧಾರಿಸಿಕೊಂಡು, ಗೊತ್ತಾಗದೆ ಮೆಟ್ಟಿಲು ಹತ್ತಿ ಮೇಲಿನ ಪ್ಲಾಟ್‌ಫಾರ್ಮಿಗೆ ಹೋಗಿ, ಎದುರಿಗೆ ಬಂದ ಟ್ರೇನು ಹತ್ತಿದೆ. ಅದು ನಮ್ಮ ದಾರಿಯದಲ್ಲ ಎಂದು ಗೊತ್ತಾಗುವಷ್ಟರಲ್ಲಿ ಆಸ್ಟೋರಿಯಾ ಬಂದಿತ್ತು. ಗ್ರೀಕರು ಹೆಚ್ಚಾಗಿರುವ ಬಡಾವಣೆ ಅದು.

ಕೆಳಗಿಳಿದು ಹತ್ತು ಹೆಜ್ಜೆ ಹಾಕಿದ ಮೇಲೆ ಮುಂದೆ ನಡೆಯಲಾಗಲಿಲ್ಲ. ಪಕ್ಕದಲ್ಲೇ ಐದಾರು ಟೇಬಲ್ಲುಗಳ ಸಣ್ಣ ಹೋಟೆಲು. ಕುಳಿತರೆ ಸಾಕಪ್ಪಾ ಎಂದು ಒಳಗೆ ಹೋದೆ. ಗಿರಾಕಿಗಳು ಯಾರೂ ಇರಲಿಲ್ಲ. ಕಪ್ಪು ಸ್ವೆಟರ್ ತೊಟ್ಟ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮುಂದೆ ಸೊಪ್ಪಿನ ರಾಶಿ ಹಾಕಿಕೊಂಡು ಬಿಡಿಸುತ್ತಾ ಕುಳಿತಿದ್ದರು. ನನ್ನ ಮುಖ ನೋಡಿದವರೇ ಎದ್ದುಬಂದು ಕುರ್ಚಿ ಎಳೆದು ಕೂರಿಸಿದರು. ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, ಹೌದಾ ಎನ್ನುವಂತೆ ಹುಬ್ಬೇರಿಸಿದರು. ನಾನು ತಲೆಯಾಡಿಸಿದೆ.

ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರ ಮಗಳು ಎಲೆನಿ ಕೌಂಟರಿನಿಂದ, "ತಿನ್ನದೆ ನೀನು ಹೋಗೋ ಹಾಗಿಲ್ಲವಂತೆ" ಎಂದಳು.

"ನಾನು ಮಾಂಸ, ಮೀನು, ಮೊಟ್ಟೆ ಏನೂ ತಿನ್ನಲ್ಲ. ತಿಂದದ್ದು ಯಾವುದೂ ನಿಲ್ಲೋದೂ ಇಲ್ಲ" ಅಂದೆ.

ಅಜ್ಜಿ ಒಳಗೆ ಹೋಗಿ ಒಂದು ಬಟ್ಟಲು ತಂದರು. ಬಿಸಿಯಾದ, ತಿಳಿಹಸಿರು ನೀರು. ಮೇಲೆ ನಿಂಬೆಹಣ್ಣು ಹಿಂಡಿದ್ದರು. "ಸೊಪ್ಪು ಬೇಯಿಸಿ ಬಸಿದ ನೀರು. ಇದು ಮೆನುವಿನಲ್ಲಿಲ್ಲ, ಮನೆಯವರು ಕುಡಿಯೋದು" ಎಂದಳು ಎಲೆನಿ.

ಒಂದು ಗುಟುಕಿಗೇ ನನಗೆ ಮೈಸೂರಿನ ನಮ್ಮ ಅಡುಗೆಮನೆ ಕಣ್ಣ ಮುಂದೆ ಬಂತು. ಬಸ್ಸಾರು ಮಾಡುವಾಗ ಅಮ್ಮ ಬಸಿದ ನೀರಿನಲ್ಲಿ ಒಂದು ಲೋಟ ತೆಗೆದಿಟ್ಟು, ಉಪ್ಪು, ನಿಂಬೆರಸ ಹಾಕಿ ನನಗೆ ಕೊಡುತ್ತಿದ್ದರು. ಜ್ವರ ಬಿಟ್ಟ ಬಾಯಿಗೆ ಅದೇ ರುಚಿ. ಬಟ್ಟಲು ಖಾಲಿ ಮಾಡಿ, ಈಗ ವಾಂತಿಯಾಗುತ್ತದೆ ಎಂದು ಕಾದೆ. ಆಗಲಿಲ್ಲ. ಆಮೇಲೆ ಬೇಯಿಸಿದ ಸೊಪ್ಪಿಗೆ ಆಲಿವ್ ಎಣ್ಣೆ, ನಿಂಬೆರಸ ಬೆರೆಸಿ ತಂದರು. ಟೊಮೆಟೊದಲ್ಲಿ ಬೆಂದ, ನಮ್ಮ ಅವರೆಕಾಳಿಗಿಂತ ಎರಡರಷ್ಟು ದಪ್ಪದ ಬಿಳಿಕಾಳು, ಜೊತೆಗೆ ಬ್ರೆಡ್ಡು. ಎಷ್ಟೋ ವಾರಗಳ ಮೇಲೆ ಹೊಟ್ಟೆ ತುಂಬ ತಿಂದೆ. ತಿನ್ನುತ್ತಿದ್ದಂತೆ ಕಣ್ಣೀರು ಇಳಿಯಿತು. ಎಲೆನಿ ಗಾಬರಿಯಾಗಿ, "ಚೆನ್ನಾಗಿಲ್ವಾ?" ಎಂದಳು. "ನಮ್ಮಮ್ಮ ಮಾಡಿದ ಹಾಗಿದೆ" ಅಂದೆ.

ಅಂದಿನಿಂದ ಪ್ರತಿ ಗುರುವಾರ ಹೋದೆ. ಅಜ್ಜಿಗೆ ಗ್ರೀಕ್ ಭಾಷೆಯಲ್ಲಿ ಯಾಯಾ ಅನ್ನುತ್ತಾರೆ. ನಾನೂ ಯಾಯಾ ಎಂದೇ ಕರೆಯುತ್ತಿದ್ದೆ. ಅನ್ನ ತುಂಬಿದ ದ್ರಾಕ್ಷಿ ಎಲೆ, ಬೇಳೆಯ ಸಾರು, ಸೌತೆಕಾಯಿ ಬೆರೆಸಿದ ಗಟ್ಟಿ ಮೊಸರು... ವಾರಕ್ಕೊಂದು ಹೊಸದು. ತೂಕ ಏರಿತು. ಡಾಕ್ಟರ್ ಡ್ರಿಪ್ಪಿನ ಮಾತು ಬಿಟ್ಟರು.

ಜೂನ್‌ನಲ್ಲಿ ಒಂದು ದಿನ ಊಟದ ನಡುವೆ ಅಮ್ಮನ ಫೋನ್ ಬಂತು. ಯಾಯಾ ವಿಷಯವನ್ನು ಅವರಿಗೆ ಮೊದಲೇ ಹೇಳಿದ್ದೆ. ಯಾರೆಂದು ಯಾಯಾ ಸನ್ನೆಯಲ್ಲಿ ಕೇಳಿದರು. "ಮಮ್ಮಾ" ಅಂದೆ. ಫೋನ್ ಕೊಡು ಎಂದು ಕೈಚಾಚಿದರು. ಕೊಟ್ಟೆ. ಆಕೆ ಗ್ರೀಕ್ ಭಾಷೆಯಲ್ಲಿ ಏನೇನೋ ಹೇಳಿದರು. ಆ ಕಡೆಯಿಂದ ಅಮ್ಮನ ದೊಡ್ಡ ದನಿ ನನಗೂ ಕೇಳುತ್ತಿತ್ತು: "ನಮ್ಮ ಹುಡುಗಿ ಬಲು ಸಂಕೋಚದವಳು ಕಣ್ರಮ್ಮಾ. ಸಾಕು ಅಂದ್ರೂ ಇನ್ನೊಂದ್ಸಲ ಬಡಿಸಿ."

"ನೇ, ನೇ" ಎಂದರು ಯಾಯಾ. ಹೌದು, ಹೌದು ಎಂದರ್ಥ. ಫೋನ್ ನನ್ನ ಕೈಗಿಟ್ಟು, ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡು, ನನ್ನ ತಟ್ಟೆಗೆ ಇನ್ನೊಂದು ಸೌಟು ಕಾಳು ಹಾಕಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಹೇಗೆ ಅರ್ಥವಾಯಿತೋ ನಾನು ಕಾಣೆ.

ಆಗಸ್ಟ್‌ನಲ್ಲಿ ಪ್ರಶಾಂತ್ ಕೆಲಸವೂ ಹೋಯಿತು. ಪುಣ್ಯಕ್ಕೆ ಕೆಲವೇ ದಿನಗಳಲ್ಲಿ ಒಹಾಯೋದಲ್ಲಿ ಬೇರೆ ಕೆಲಸ ಸಿಕ್ಕಿತು. ತುಂಬು ಬಸುರಿ ನಾನು. ಅವಸರದಲ್ಲಿ ಮನೆ ಖಾಲಿ ಮಾಡಿ ಹೊರಟೆವು. ಹೋಟೆಲಿಗೆ ಫೋನ್ ಮಾಡಿ ಹೇಳಿದಾಗ ಎಲೆನಿ, "ಮಗೂನ ಕರ್ಕೊಂಡು ಬರಲೇಬೇಕಂತೆ. ಅಮ್ಮ ಪಕ್ಕದಲ್ಲೇ ನಿಂತು ಹೇಳಿಸ್ತಿದಾರೆ" ಎಂದಳು. ಬರುತ್ತೇನೆಂದು ಮಾತು ಕೊಟ್ಟೆ.

ಹೆಣ್ಣುಮಗು ಹುಟ್ಟಿತು. ಚಳಿ ಕಳೆದ ಮೇಲೆ, ಏಳು ತಿಂಗಳ ಮಗುವನ್ನು ಕರೆದುಕೊಂಡು ದಿನವಿಡೀ ಡ್ರೈವ್ ಮಾಡಿ ನ್ಯೂಯಾರ್ಕಿಗೆ ಬಂದು, ಹೇಳದೆ ಹೋಗಿ ಅಚ್ಚರಿಪಡಿಸೋಣವೆಂದು ಮಾರನೆಯ ದಿನ ಆಸ್ಟೋರಿಯಾಕ್ಕೆ ಹೋದೆವು. ಹೋಟೆಲಿನ ಗಾಜಿಗೆ ಒಳಗಿನಿಂದ ಕಾಗದ ಅಂಟಿಸಿತ್ತು. ಪಕ್ಕದ ಹೂವಿನಂಗಡಿಯಾತ ಹೇಳಿದ: "ವ್ಯಾಪಾರ ಪೂರ್ತಿ ಬಿದ್ದುಹೋಯ್ತು. ಕ್ರಿಸ್ಮಸ್‌ಗೆ ಮುಂಚೆಯೇ ತಾಯಿ, ಮಗಳು ಊರಿಗೆ ಹೊರಟುಹೋದರು."

"ಯಾವ ಊರು?"

"ಯಾವುದೋ ದ್ವೀಪ."

ಅಷ್ಟು ತಿಂಗಳು ಉಂಡೆ, ಊರಿನ ಹೆಸರು ಕೇಳಿರಲಿಲ್ಲ. ಯಾಯಾ ಅವರ ನಿಜವಾದ ಹೆಸರೂ ನನಗೆ ಗೊತ್ತಿರಲಿಲ್ಲ. ಯಾರನ್ನೆಂದು ಹುಡುಕಲಿ? ಮಗುವನ್ನೆತ್ತಿಕೊಂಡು ಆ ಮುಚ್ಚಿದ ಬಾಗಿಲ ಮುಂದೆ ನಿಂತೇ ಇದ್ದೆ. "ಬಾ, ಹೋಗೋಣ" ಎಂದು ಪ್ರಶಾಂತ್ ಎರಡು ಸಲ ಕರೆದರು.

ಆ ದಿನವೇ ಅಮ್ಮ ಫೋನ್ ಮಾಡಿದರು. "ಆ ತಾಯಿಗೆ ಮಗೂನ ತೋರಿಸಿದ್ಯೇನೇ? ಏನಂದ್ರು?"

"ತೋರಿಸಿದೆ ಅಮ್ಮ. ಎತ್ಕೊಂಡು ಕೆಳಗೆ ಇಳಿಸಲೇ ಇಲ್ಲ" ಅಂದುಬಿಟ್ಟೆ.

"ಸದ್ಯ! ನಾನಿಲ್ದೇ ಇದ್ರೂ ಎತ್ಕೊಳ್ಳೋಕೆ ಒಬ್ಬರು ಅಜ್ಜಿ ಇದ್ರಲ್ಲ" ಎಂದರು ಅಮ್ಮ.

ಈಗ ಅಮ್ಮ ಇಲ್ಲ. ನಾನು ಹೇಳಿದ್ದನ್ನು ಕೊನೆಯವರೆಗೂ ನಂಬಿದ್ದರು. ಯಾವ ಊರಿಗೆ ಹೋದರೂ ನಾನು ಸಣ್ಣ ಗ್ರೀಕ್ ಹೋಟೆಲುಗಳನ್ನು ಹುಡುಕಿಕೊಂಡು ಹೋಗುತ್ತೇನೆ, ಎತ್ತರಕ್ಕೆ ಬೆಳೆದಿರುವ ಮಗಳನ್ನೂ ಕರೆದೊಯ್ಯುತ್ತೇನೆ. ಊಟ ಬರುವುದಕ್ಕೆ ಮೊದಲು ಅಡುಗೆಮನೆಯ ಕಡೆಗೊಮ್ಮೆ ಇಣುಕಿ ನೋಡುತ್ತೇನೆ. ಅಮ್ಮನಿಗೆ ಹೇಳಿದ ಆ ಒಂದು ಸುಳ್ಳು ನಿಜವಾಗಬಾರದಿತ್ತೇ ಎಂದು ಮನಸ್ಸು ಇವತ್ತಿಗೂ ಹಂಬಲಿಸುತ್ತದೆ.