ಕ್ರಾಸ್ ಮಾಡಿಸುವ ನಾಗಯ್ಯ

ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರಿನಲ್ಲಿ ನಾಗಯ್ಯ ಅನ್ನುವ ಹೆಸರಿನವರು ನಾಲ್ಕೈದು ಜನ ಇದ್ದರು. ಆದರೆ ಬಸ್ಸಿಳಿದವರ ಕೈಯಲ್ಲಿ ನಾಯಿ ಹಗ್ಗ ಇತ್ತೆಂದರೆ ಯಾವ ನಾಗಯ್ಯ ಅಂತ ಯಾರೂ ಕೇಳುತ್ತಿರಲಿಲ್ಲ. ಸುಮ್ಮನೆ ಬೀದಿಯ ಕೊನೆಗೆ ಕೈ ತೋರಿಸಿ ಒಳಗೊಳಗೇ ನಗುತ್ತಿದ್ದರು.

ನಾಗಯ್ಯ ಹುಡುಗನಾಗಿದ್ದಾಗ ಮೈಸೂರಿನ ಒಂದು ಬಂಗಲೆಯಲ್ಲಿ ನಾಯಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಯಜಮಾನರಿಗೆ ಜಾತಿ ನಾಯಿಗಳ ಹುಚ್ಚು. ಹೆಣ್ಣು ನಾಯಿ ಬೆದೆಗೆ ಬಂದದ್ದನ್ನು ಗುರುತು ಹಿಡಿಯುವುದು, ರಕ್ತ ಕೆಂಪಿನಿಂದ ತಿಳಿಯಾಗಿ, ಅದು ತಾನಾಗಿ ಬಾಲ ಪಕ್ಕಕ್ಕೆ ಸರಿಸಿ ನಿಲ್ಲುವವರೆಗೂ ಕಾಯುವುದು, ಕೂಡಿಕೊಂಡ ಮೇಲೆ ಎರಡನ್ನೂ ಅಲುಗಾಡದಂತೆ ಹಿಡಿದುಕೊಳ್ಳುವುದು, ಎಲ್ಲವನ್ನೂ ಅಲ್ಲೇ ಕಲಿತ. ಯಜಮಾನರು ತೀರಿಕೊಂಡ ಮೇಲೆ ಬಂಗಲೆ ಮಾರಿಹೋಯಿತು. ಊರಿಗೆ ಬಂದು ಕೂಲಿ ಮಾಡಿಕೊಂಡಿರೋಣ ಅಂದುಕೊಂಡ. ಆದರೆ ನಂಜನಗೂಡಿನಲ್ಲಿ ಹೊಸ ಲೇಔಟುಗಳು ಎದ್ದವು, ಮನೆಗೊಂದು ನಾಯಿ ಬಂತು. ಯಾರೋ ಒಬ್ಬರು ಕರೆದರು, ಅವರು ಇನ್ನೊಬ್ಬರಿಗೆ ನಂಬರ್ ಕೊಟ್ಟರು. ಹಾಗೆ ಶುರುವಾದದ್ದು ನಿಲ್ಲಲೇ ಇಲ್ಲ.

ಈಚೆಗಂತೂ ಎಲ್ಲರಿಗೂ ಎರಡು ತಳಿ ಬೆರೆಸಿದ ಕ್ರಾಸ್ ಮರಿಯೇ ಬೇಕು. ಲ್ಯಾಬ್ರಡಾರ್ ನಾಯಿಯ ಗುಣ ಇರಬೇಕು, ಆಳೆತ್ತರ ಬೆಳೀಬಾರದು. ಕೂದಲು ಉದ್ದ ಇರಬೇಕು, ಆದರೆ ಉದುರಬಾರದು. ಟೈಲರ್ ಹತ್ತಿರ ಅಂಗಿ ಹೊಲಿಸುವವರ ಹಾಗೆ ಹೇಳುತ್ತಿದ್ದರು. "ಸಾ, ಅಪ್ಪಂದು ಇಷ್ಟು ಅವ್ವಂದು ಇಷ್ಟು ಅಂತ ಅಳತೆ ಮಾಡಿ ಬರಾಕಿಲ್ಲ. ಒಂದೇ ಸೂಲಿನಲ್ಲೇ ಒಂದೊಂದು ಮರಿ ಒಂದೊಂದು ಥರ ಬತ್ತದೆ" ಎಂದು ನಾಗಯ್ಯ ಅನ್ನುತ್ತಿದ್ದ. ಕ್ರಾಸ್ ಮರಿಗೆ ಕಾಯಿಲೆಯೇ ಬರುವುದಿಲ್ಲ ಅಂತ ನಂಬಿದವರಿಗೆ, ಅಪ್ಪ ಅವ್ವ ಇಬ್ಬರಲ್ಲೂ ರೋಗ ಇದ್ದರೆ ಮರಿ ಎಲ್ಲಿಂದ ಗಟ್ಟಿಯಾಗಿ ಬರಬೇಕು ಅಂತಲೂ ಹೇಳುತ್ತಿದ್ದ. ಕೇಳಿಸಿಕೊಂಡವರು ಕಡಿಮೆ. ಬೇಡ ಅಂದುಬಿಡುವ ಧೈರ್ಯ ಅವನಿಗೂ ಇರಲಿಲ್ಲ.

ಹೆಂಡತಿ ಮಂಗಳಮ್ಮನಿಗೆ ಈ ಕೆಲಸದ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ತವರಿನವರ ಮದುವೆ ಹಬ್ಬಗಳಲ್ಲಿ "ನಿಮ್ಮೆಜಮಾನ್ರು ಏನ್ಮಾಡ್ತಾವ್ರೆ" ಎಂಬ ಮಾತು ಬಂದರೆ ಸಾಕು, ನೀರು ಕುಡಿಯಲು ಎದ್ದು ಹೋಗುತ್ತಿದ್ದಳು. ಮಗಳು ಕವನ ಬಿ.ಕಾಂ. ಮುಗಿಸಿ ಹುಲ್ಲಹಳ್ಳಿಯಲ್ಲಿ ಪ್ರಸಾದ್ ಅನ್ನುವವರ ರೈಸ್‌ಮಿಲ್ಲಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಆ ಕೆಲಸ ಕೊಡಿಸಿದ್ದೂ ನಾಯಿಯೇ. ಪ್ರಸಾದ್ ಮನೆಯ ನಾಯಿಗಳನ್ನೆಲ್ಲ ನಾಗಯ್ಯನೇ ಕ್ರಾಸ್ ಮಾಡಿಸುತ್ತಿದ್ದ. ಹಾಗಾಗಿ ಪ್ರಸಾದ್ ಕರೆದಾಗ ಹೋಗದೆ ಇರುವ ಹಾಗಿರಲಿಲ್ಲ.

ಸೋಸಲೆಯಿಂದ ಒಂದು ಸಂಬಂಧ ಬಂತು. ಹುಡುಗ ಗುರು, ತಿ.ನರಸೀಪುರದಲ್ಲಿ ಲೈನ್‌ಮನ್. ಮಂಗಳಮ್ಮ ಮಧ್ಯಸ್ಥರಿಗೆ ನಮ್ಮೆಜಮಾನ್ರು ವ್ಯವಸಾಯ ಅಂತ ಹೇಳಿದ್ದಳು. ಹೆಣ್ಣು ನೋಡಲು ಬರುವ ಭಾನುವಾರ ಬೆಳಿಗ್ಗೆ ಗಂಡನ ಮುಂದೆ ನಿಂತು, "ಇವತ್ತೊಂದಿನ ನಾಯಿ ವಾಸ್ನೆ ಈ ಬಾಗ್ಲಿಗೆ ಬರ್ಕೂಡದು" ಅಂದಳು. ನಾಗಯ್ಯ ಫೋನ್ ಆಫ್ ಮಾಡಿ ಹಜಾರದ ಬಾಬಾಸಾಹೇಬರ ಫೋಟೋದ ಹಿಂದೆ ಇಟ್ಟ. ಬಿಳಿ ಅಂಗಿ ಹಾಕಿಕೊಂಡ.

ನೆಂಟರಿಗಿಂತ ಮೊದಲು ಪ್ರಸಾದ್ ಅವರ ಕಾರು ಬಂತು.

"ಏನ್ ನಾಗಯ್ಯ, ಬೆಳಗಿಂದ ಸ್ವಿಚ್ ಆಫ್?" ಎಂದು ಇಳಿದರು. ಹಿಂದಿನ ಸೀಟಿನಲ್ಲಿ ಅವರ ಲ್ಯಾಬ್ ಹೆಣ್ಣು ಜೂಲಿ, ಜೊತೆಗೆ ಯಾರಿಂದಲೋ ತರಿಸಿದ ಸಪೂರ ಮುಧೋಳ ತಳಿಯ ಗಂಡು. "ಮುಧೋಳದ ಓಟ, ಲ್ಯಾಬಿನ ಬುದ್ಧಿ. ಅಂಥ ಮರಿ ಈ ಸುತ್ತಲಲ್ಲಿ ಯಾರತ್ರನೂ ಇರ್ಬಾರ್ದು."

"ಸಾ, ಇವತ್ತು ಮನೆಗೆ ನೆಂಟ್ರು ಬತ್ತಾವ್ರೆ. ನಾಳೆ ನಾನೇ ಬತ್ತೀನಿ."

"ನಾಳೆ ಗಂಡು ವಾಪಸ್ ಕಳಿಸ್ಬೇಕು. ಅರ್ಧ ಗಂಟೆ ಕೆಲ್ಸ ಅಲ್ವೇನಯ್ಯ?"

ಜೂಲಿ ಕಾರಿನಿಂದ ಇಳಿಯುವಾಗ ಹಿಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಮೊಲದ ಹಾಗೆ ಕುಪ್ಪಳಿಸಿತು. ನಾಗಯ್ಯನ ಕಣ್ಣು ಅಲ್ಲೇ ನಿಂತಿತು. "ಇದರ ಸೊಂಟದ ಕೀಲು ಸರಿಯಿಲ್ಲ ಅನ್ನಿಸ್ತದೆ ಸಾ. ಎಕ್ಸ್‌ರೇ ತೆಗ್ಸಿ. ಮರಿಗೂ ಇಳೀತದೆ."

"ಮುಧೋಳ ಸೇರಿದ್ರೆ ಸರಿಹೋಯ್ತದೆ ಬಿಡು. ಕವನಂಗೆ ನಾಳೆ ಸ್ವಲ್ಪ ಬೇಗ ಬರೋಕೆ ಹೇಳು, ಆಡಿಟ್ ಇದೆ."

ಕವನಳ ಹೆಸರು ಕೇಳಿದ ಮೇಲೆ ನಾಗಯ್ಯನಿಗೆ ಮಗಳ ಕೆಲಸ ನೆನಪಾಯಿತು. ಬಾಗಿಲಲ್ಲಿ ನಿಂತಿದ್ದ ಮಂಗಳಮ್ಮನ ಮುಖ ನೋಡದೆ ಅಂಗಿಯ ತೋಳು ಮಡಿಸಿ ನಾಯಿಗಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಲು ನೋಡಿದ. ಆದರೆ ಮುಧೋಳ ಕಾಯಲಿಲ್ಲ. ಮನೆ ಮುಂದಿನ ಅಂಗಳದಲ್ಲೇ ಏರಿತು, ಕೂಡಿಕೊಂಡಿತು, ತಿರುಗಿ ಬೆನ್ನು ಹಾಕಿ ನಿಂತಿತು. ಇನ್ನು ಅವು ತಾವಾಗಿ ಬಿಡುವವರೆಗೆ ಏನೂ ಮಾಡುವಂತಿಲ್ಲ. ಎಳೆದರೆ ಹೆಣ್ಣಿಗೂ ಪೆಟ್ಟು, ಗಂಡಿಗೂ ಪೆಟ್ಟು. ನಾಗಯ್ಯ ಕುಕ್ಕರುಗಾಲಲ್ಲಿ ಕೂತು ಒಂದು ಕೈ ಜೂಲಿಯ ಹೊಟ್ಟೆಯ ಕೆಳಗೆ, ಒಂದು ಕೈ ಮುಧೋಳದ ತೊಡೆಗೆ ಕೊಟ್ಟು ಹಿಡಿದ. ಪ್ರಸಾದ್ ಸಿಗರೇಟು ಹಚ್ಚಿ ಕಾರಿಗೆ ಒರಗಿದರು.

ಅಷ್ಟರಲ್ಲಿ ಬೀದಿಯಲ್ಲಿ ಸೋಸಲೆಯವರ ಆಟೋ ನಿಂತಿತು.

ಹುಡುಗ, ಹುಡುಗನ ತಾಯಿ, ಸೋದರಮಾವ ಕೃಷ್ಣಪ್ಪ. ಮೂವರೂ ಅಂಗಳದ ಅಂಚಿನಲ್ಲಿ ಗಕ್ಕನೆ ನಿಂತರು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು.

ನಾಗಯ್ಯ ಏಳುವಂತಿಲ್ಲ, ಕೈ ಮುಗಿಯುವಂತಿಲ್ಲ. ಕೂತಲ್ಲಿಂದಲೇ ತಲೆಯೆತ್ತಿ, "ಬನ್ನಿ, ಒಳಕ್ಕೆ ಓಗಿ ಕೂತ್ಕಳಿ. ಈಗ್ಲೇ ಬತ್ತೀನಿ" ಅಂದ. ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಕೈಯಿಲ್ಲ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೆಳಗೆ ಜೂಲಿ ಕುಂಯ್‌ಗುಟ್ಟುತ್ತಿತ್ತು, ನೋಯುವ ಹಿಂಗಾಲು ಗಡಗಡ ನಡುಗುತ್ತಿತ್ತು.

ಪ್ರಸಾದ್ ಬಂದವರ ಹೊಸ ಬಟ್ಟೆ, ಹೂವು ಹಣ್ಣಿನ ತಟ್ಟೆ ನೋಡಿ ನಕ್ಕರು. "ಓಹೋ, ಇವತ್ತು ಮದುವೆ ಮಾತು ಮನೆ ಒಳಗೂ, ಹೊರಗೂ!"

ಮಂಗಳಮ್ಮ ನೆಂಟರನ್ನು ಒಳಕ್ಕೆ ಕರೆದುಕೊಂಡು ಹೋದಳು. ಜೂಲಿ ಕುಸಿಯತೊಡಗಿತು. ನಾಗಯ್ಯನ ಕೈ ಜೋಮು ಹಿಡಿದಿತ್ತು. ಆಗ ಒಳಗಿನಿಂದ ಕವನ ಬಂದಳು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಪ್ಪನ ಎದುರು ಕೂತು ಜೂಲಿಯ ಎದೆಗೆ ಕೈ ಕೊಟ್ಟಳು.

"ನೀನ್ಯಾಕವ್ವ ಬಂದೆ? ಒಳಕ್ಕೋಗು."

"ನಿನ್ನೊಬ್ಬನ್ ಕೈಲಿ ಆಗಾಕಿಲ್ಲ. ಸುಮ್ನೆ ಇಡ್ಕೋ."

ಅವು ಬಿಟ್ಟುಕೊಳ್ಳುವವರೆಗೆ ಅಪ್ಪ ಮಗಳು ಹಾಗೆಯೇ ಕೂತಿದ್ದರು. ಪ್ರಸಾದ್ ನಾಯಿಗಳನ್ನು ಹತ್ತಿಸಿಕೊಂಡು ಹೋದರು. ನಾಗಯ್ಯ ಕೈಕಾಲು ತೊಳೆದು ಒಳಗೆ ಬಂದಾಗ ನೆಂಟರ ಮುಂದಿನ ಉಪ್ಪಿಟ್ಟು ಹಾಗೇ ಆರಿತ್ತು.

ಕೃಷ್ಣಪ್ಪ ದನಿ ಏರಿಸಲಿಲ್ಲ. "ತಪ್ಪು ತಿಳ್ಕೋಬೇಡಿ ನಾಗಯ್ಯನೋರೇ. ಸತ್ತ ದನ ಹೊರೋದು ಬಿಡೋಕೆ ನಮ್ಮಪ್ಪ ತಾತ ಎಷ್ಟು ಏಟು ತಿಂದವ್ರೆ ಅಂತ ನಿಮಗೂ ಗೊತ್ತು. ಗೋಡೆ ಮೇಲೆ ಬಾಬಾಸಾಹೇಬ್ರನ್ನ ಇಟ್ಕಂಡು, ಅಂಗಳದಲ್ಲಿ ಇನ್ನೊಬ್ರ ನಾಯಿ ಇಡ್ಕಂಡು ಕೂತಿದ್ರಲ್ಲ. ಆ ಕಾರಿನೋನು ನಗ್ತಾ ನಿಂತಿದ್ದ."

ಕೃಷ್ಣಪ್ಪ ಬಯ್ದಿದ್ದರೆ ನಾಗಯ್ಯ ತಿರುಗಿ ಬಯ್ಯಬಹುದಿತ್ತು. ಆ ಮನುಷ್ಯ ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ.

ಸಂಬಂಧ ಮುರಿಯಿತು. ಮಂಗಳಮ್ಮ ಎಷ್ಟೋ ದಿನ ಗಂಡನೊಡನೆ ಮಾತು ಬಿಟ್ಟಳು. ಕವನ ಮಾತ್ರ, "ವ್ಯವಸಾಯ ಅಂತ ಸುಳ್ಳು ಹೇಳಿದ್ದೇ ತಪ್ಪು. ಇನ್ಮೇಲೆ ಬರೋರಿಗೆ ಮೊದಲೇ ಹೇಳ್ಬುಡಿ" ಅಂದಳು.

ನಾಗಯ್ಯ ನಾಯಿ ಸಹವಾಸವೇ ಬೇಡವೆಂದು ನಂಜನಗೂಡಿನ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯೂರಿಟಿಗೆ ಸೇರಿಕೊಂಡ. ನೀಲಿ ಸಮವಸ್ತ್ರ, ಟೋಪಿ. ಮಂಗಳಮ್ಮ ಅದನ್ನು ತಾನೇ ಇಸ್ತ್ರಿ ಮಾಡಿ ಕೊಡುತ್ತಿದ್ದಳು. ತಿಂಗಳು ತುಂಬುವುದರೊಳಗೆ ಸೂಪರ್‌ವೈಸರ್ ಕರೆದು, "ನೀವೇ ಅಂತಲ್ಲ ಹದಿನಾರಿನ ನಾಗಯ್ಯ? ಮ್ಯಾನೇಜರ್ ಮನೆ ನಾಯಿ ಹೀಟಿಗೆ ಬಂದಿದೆ, ಡ್ಯೂಟಿ ಟೈಮಲ್ಲೇ ಹೋಗ್ಬನ್ನಿ" ಅಂದ. ಸಮವಸ್ತ್ರದಲ್ಲೇ ಹೋದ. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಕರೆದರು. ಗೇಟಿಗಿಂತ ನಾಯಿಯ ಹಿಂದೆ ತಿರುಗಿದ್ದೇ ಹೆಚ್ಚಾಯಿತು. ಇದಕ್ಕೆ ಟೋಪಿ ಯಾಕೆ ಅನ್ನಿಸಿ ಕೆಲಸ ಬಿಟ್ಟು ಮನೆಗೆ ಬಂದ.

ಅತ್ತ ಜೂಲಿ ಏಳು ಮರಿ ಹಾಕಿತ್ತು. ಒಂದರ ಹಾಗೆ ಇನ್ನೊಂದಿಲ್ಲ. ಒಂದು ಗುಂಡು, ಒಂದು ಸಪೂರ, ಒಂದರ ಕಿವಿ ಬೀದಿನಾಯಿಯದರ ಹಾಗೆ. ಮರಿಗಳು ಬೆಳೆದಂತೆ ಎರಡು ತಾಯಿಯ ಹಾಗೆಯೇ ಕುಪ್ಪಳಿಸಿ ನಡೆಯತೊಡಗಿದವು. ಪ್ರಸಾದ್ ಅವನ್ನು ಯಾರ್ಯಾರಿಗೋ ಕೊಟ್ಟು ಕೈ ತೊಳೆದುಕೊಂಡರು. ಕವನ ಅಷ್ಟರಲ್ಲಿ ನಂಜನಗೂಡಿನ ಒಂದು ಸೊಸೈಟಿಯಲ್ಲಿ ಕೆಲಸ ಹುಡುಕಿಕೊಂಡು ಮಿಲ್ಲು ಬಿಟ್ಟಿದ್ದಳು.

ಜೂಲಿ ಮತ್ತೆ ಬೆದೆಗೆ ಬಂದಾಗ ಪ್ರಸಾದ್ ಅದೇ ಕಾರಿನಲ್ಲಿ ಬಂದರು. ಈ ಸಲ ಜೊತೆಗೆ ಜರ್ಮನ್ ಶೆಫರ್ಡ್ ಗಂಡು. ಜೂಲಿಗೆ ಕಾರಿನಿಂದ ಇಳಿಯಲೂ ಆಗಲಿಲ್ಲ.

ನಾಗಯ್ಯ ಹತ್ತಿರ ಹೋಗಿ ಅದರ ಸೊಂಟ ಮುಟ್ಟಿ ನೋಡಿದ. ಅದು ಅವನ ಕೈ ನೆಕ್ಕಿತು.

"ಬೇಡ ಸಾ. ಮರಿ ಆಗದಂಗೆ ಆಪರೇಷನ್ ಮಾಡ್ಸಿ. ನಾನು ಮಾಡ್ಸಾಕಿಲ್ಲ."

ಪ್ರಸಾದ್ ತಿರುಗಿ ನೋಡಿದರು. "ಏನಂದೆ?"

"ಮಾಡ್ಸಾಕಿಲ್ಲ ಅಂದೆ."

"ನೀನಲ್ದಿದ್ರೆ ನಂಜನಗೂಡಲ್ಲಿ ಇನ್ನೊಬ್ಬ ಸಿಕ್ತಾನೆ ಕಣಯ್ಯ."

"ಸಿಕ್ತಾನೆ ಸಾ" ಅಂದ ನಾಗಯ್ಯ. ಅದು ನಿಜವೇ ಆಗಿತ್ತು. ಕಾರು ತಿರುಗಿ ಹೋಯಿತು. ಹಿಂದಿನ ಗಾಜಿನಲ್ಲಿ ಜೂಲಿಯ ತಲೆ ಕಾಣುವಷ್ಟು ಹೊತ್ತೂ ಅವನು ಅಂಗಳದಲ್ಲೇ ನಿಂತಿದ್ದ. ಬೇಡ ಅಂದದ್ದಕ್ಕೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು. ಮಂಗಳಮ್ಮ ತಂದು ಕೈಗೆ ಕೊಟ್ಟಳು. "ನರಸೀಪುರದಿಂದಂತೆ. ಯಾರೋ ಚಿನ್ನಮ್ಮ ಅಂತ. ಸಣ್ಣ ನಾಯಿಯಂತೆ, ಲ್ಯಾಬಿಗೆ ಬಿಡ್ಬೋದಾ ಅಂತಾವ್ಳೆ."

"ಬಿಡ್ಬ್ಯಾಡಿ ಕಣಮ್ಮ" ಎಂದು ನಾಗಯ್ಯ ಫೋನಿಗೆ ಹೇಳಿದ. "ಸಣ್ಣ ಹೆಣ್ಣಿಗೆ ದೊಡ್ಡ ಗಂಡು ಬಿಟ್ರೆ ಮರಿ ತಲೆ ದಪ್ಪಾಗಿ ಹೆರಕ್ಕಾಗದೆ ಸತ್ತೋಯ್ತದೆ. ನಾನೇ ಬಂದು ನೋಡ್ತೀನಿ, ಅಲ್ಲೀಗಂಟ ಕಟ್ಟಾಕಿರಿ."

ಮಂಗಳಮ್ಮ ತಟ್ಟೆಗೆ ಮುದ್ದೆ ಹಾಕಿದಳು. ಉಂಡು ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು, ನಾಗಯ್ಯ ನರಸೀಪುರದ ಬಸ್ಸಿಗೆ ಹೊರಟ.