ಸೊಲ್ಲಾಪುರದ ಐದು ನಿಮಿಷ

ನಮ್ಮ ಪಕ್ಕದ ಮನೆಯ ದೊಡ್ಡವ್ವನ ಬಲಗೈ ತೋರುಬೆರಳಿನ ಮೇಲೆ ಸಣ್ಣ ಕಾಲುವೆಯಂಥ ಗೆರೆಯೊಂದಿತ್ತು. ಸೀರೆ ನೇಯುವ ನೂಲು ವರ್ಷಗಟ್ಟಲೆ ಹಾದು ಹಾದು ಕೊರೆದ ಗೆರೆ. ಆ ಬೆರಳಿನಿಂದ ಅವಳು ನನ್ನ ಬೈತಲೆ ತೆಗೆದರೆ ಕೂದಲು ಎಡಬಲಕ್ಕೆ ತಾನೇ ಸರಿದುಕೊಳ್ಳುತ್ತಿತ್ತು.

ರಕ್ತಸಂಬಂಧವೇನೂ ಇರಲಿಲ್ಲ. ಮಕ್ತಲ್‌ನವಳಾದ ನಾನು ನಾರಾಯಣಪೇಟೆಯಲ್ಲಿ ಬಾಡಿಗೆ ಮನೆ ಹಿಡಿದಾಗ ಇಡೀ ಓಣಿಯಲ್ಲಿ ಗುರುತಿನವರು ಯಾರೂ ಇರಲಿಲ್ಲ. ಅದೇ ಜಿಲ್ಲೆಯ ಮದ್ದೂರಿನ ಶಾಲೆಯಲ್ಲಿ ಪಾಠ ಮುಗಿಸಿ ಬರುವಾಗ ಅವಳು ಕಟ್ಟೆಯ ಮೇಲೆ ನೂಲು ಸುತ್ತುತ್ತ ಕೂತಿರುತ್ತಿದ್ದಳು.

"ಮಾರಿ ಬಾಡೇತಲ್ಲವಾ, ಉಂಡೀ ಇಲ್ಲ?"

ಉತ್ತರಕ್ಕೆ ಕಾಯದೆ ರೊಟ್ಟಿ, ಶೇಂಗಾ ಹಿಂಡಿ ತಂದಿಡುತ್ತಿದ್ದಳು. ಆಮೇಲೆ, "ಬಾ ಇಲ್ಲಿ, ತಲಿ ಹಿಕ್ಕತೀನಿ." ಮೂವತ್ತು ದಾಟಿದ ಟೀಚರು ನಾನು, ನಾಚಿಕೆ ಬಿಟ್ಟು ಅವಳ ಮುಂದೆ ಕೂಡುತ್ತಿದ್ದೆ. ಜಡೆ ಹೆಣೆದು ಮುಗಿದ ಮೇಲೂ ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ.

ವರ್ಷಕ್ಕೊಮ್ಮೆ ಅವಳೂ ಅವಳ ಗಂಡ ದೊಡ್ಡಪ್ಪನೂ ಮುಂಬೈಯಲ್ಲಿದ್ದ ಮಗನ ಮನೆಗೆ ಹೋಗುತ್ತಿದ್ದರು. ರಾಯಚೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಟಿಕೆಟ್ ಮಾಡುವುದು ನನ್ನ ಫೋನಿನಲ್ಲಿ. ಅವಳದು ಒಂದೇ ಹಟ: "ಸ್ಲೀಪರ್ ಇರ್ಲಿ, ಕಿಟಕಿ ಬಾಜೂಕಿನ ಕೆಳಗಿನ ಸೀಟು ಇರ್ಲಿ." ಟಿಕೆಟ್ ಆದ ಕೂಡಲೇ ಡಬ್ಬಿಯ ನಂಬರು, ಸೀಟಿನ ನಂಬರು ಚೀಟಿಯಲ್ಲಿ ಬರೆಸಿಕೊಂಡು ಸೆರಗಿಗೆ ಗಂಟು ಹಾಕುವಳು. ವಯಸ್ಸಾದವರ ಎಚ್ಚರ ಎಂದುಕೊಂಡಿದ್ದೆ.

ಮೂರನೆಯ ವರ್ಷ ಟಿಕೆಟ್ ಮಾಡುವಾಗ, ಮೇಲಿನ ದರ್ಜೆಯಲ್ಲಿ ಜಾಗ ಉಳಿದಿದ್ದರೆ ಕೊಡಬಹುದು ಎಂಬಲ್ಲಿ ಗುರುತು ಹಾಕಿದೆ. ಬಿರುಬೇಸಿಗೆ, ಮುದುಕರು, ಸಿಕ್ಕರೆ ಸಿಗಲಿ. ಹೊರಡುವ ದಿನ ಬೆಳಿಗ್ಗೆ ಮೆಸೇಜು ಬಂದೇಬಿಟ್ಟಿತು. ಬಸ್‌ಸ್ಟ್ಯಾಂಡಿಗೆ ಓಡಿದೆ.

"ದೊಡ್ಡವ್ವ, ಏಸಿ ಡಬ್ಬಿ ಸಿಕ್ಕೈತ್ರಿ!"

ಅವಳ ಮುಖ ಇಳಿಯಿತು. "ಅದರ ಕಿಟಕಿ ತಗೀತಾವೇನವಾ?"

"ಇಲ್ರಿ, ಗಾಜು ಇರತೈತಿ. ಒಳಗ ತಂಪು."

"ನಮ್ಮ ಮೊದ್ಲಿನ ಡಬ್ಬ್ಯಾಗ ಕೂಡ್ರಾಕ ಬರಂಗಿಲ್ಲೇನು?"

"ಆ ಸೀಟು ಬ್ಯಾರೇದವ್ರಿಗೆ ಹೋಗಿರತೈತ್ರಿ."

ದೊಡ್ಡಪ್ಪ ಪಕ್ಕದಲ್ಲೇ ನಿಂತಿದ್ದ. ಅವಳು ಅವನತ್ತ ಒಮ್ಮೆ ನೋಡಿ, ಸೆರಗಿನ ಗಂಟು ಹಿಡಿದುಕೊಂಡು ಬಸ್ಸು ಹತ್ತಿದಳು.

ಹದಿನೈದು ದಿನಕ್ಕೆ ಮರಳಿದವಳು, ದೊಡ್ಡಪ್ಪ ಹೊರಗೆ ಹೋದ ಹೊತ್ತು ನೋಡಿ ನನ್ನ ಬಳಿ ಬಂದು ಎಲ್ಲ ಹೇಳಿದಳು. ಅವಳಿಗೊಬ್ಬ ಮಗಳು. ಗದ್ವಾಲದಲ್ಲಿ ಗೊತ್ತು ಮಾಡಿದ್ದ ಸಂಬಂಧ ಬಿಟ್ಟು, ತಾನು ಮೆಚ್ಚಿದವನನ್ನು ಮದುವೆಯಾಗಿ ಸೊಲ್ಲಾಪುರ ಸೇರಿದ್ದಳು. ಆಕೆಯ ಹೆಸರು ಈ ಮನೆಯಲ್ಲಿ ಬರಬಾರದು ಎಂದಿದ್ದ ದೊಡ್ಡಪ್ಪ. ಅಂದಿನಿಂದ ತಾಯಿ, ಮಗಳು ಭೇಟಿಯಾಗುತ್ತಿದ್ದದ್ದು ಸೊಲ್ಲಾಪುರದಲ್ಲಿ ರೈಲು ನಿಲ್ಲುವ ಐದು ನಿಮಿಷ, ಕಿಟಕಿಯ ಸರಳುಗಳ ನಡುವೆ ಕೈ ಚಾಚಿ. ಆ ಹೊತ್ತಿಗೆ ದೊಡ್ಡಪ್ಪ ಮೇಲಿನ ಸೀಟಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಡಬ್ಬಿಯ ನಂಬರನ್ನು ಸೀರೆ ಅಂಗಡಿಯ ಫೋನಿನಿಂದ ಮೊದಲೇ ತಿಳಿಸುತ್ತಿದ್ದಳು. ಈ ಸಲ ಬದಲಾದದ್ದನ್ನು ದೊಡ್ಡಪ್ಪನ ಎದುರು ತಿಳಿಸಲು ದಾರಿಯೇ ಇರಲಿಲ್ಲ.

"ಕೂಸಿನ್ನ ತರ್ತೀನಿ ಅಂದಿದ್ಳವಾ. ನಾ ಇನ್ನೂ ನೋಡಿದ್ದಿಲ್ಲ. ನೀರು ತರ್ತೀನಂತ ಹೇಳಿ ಇಳಿದು ಓಡಿದೆ. ನಮ್ಮ ಡಬ್ಬಿ ಆ ತುದಿಗೆ, ಆಕಿ ಈ ತುದಿಗೆ. ಒಂದೊಂದು ಕಿಟಕ್ಯಾಗೂ ಹಣಿಕಿ ನೋಡಾಕತ್ತಿದ್ಳು. ಅಷ್ಟರಾಗ ಗಾಡಿ ಕೂಗ್ತು. ಹೊಳ್ಳಿ ಹತ್ತಿ, ಬಾಗಿಲದಾಗ ನಿಂತು ಹೆಸರು ಹಿಡಿದು ಕರದೆ. ಕೇಳ್ಸಲಿಲ್ಲ. ಗಾಡಿ ಹೊಂಟ್ರೂ ಆಕಿ ಕಿಟಕೀನ ನೋಡಾಕತ್ತಿದ್ಳು. ಬಗಲಾಗಿನ ಕೂಸಿನ ಕೆಂಪು ಟೊಪಗಿ ಅಷ್ಟು ಕಾಣ್ತು."

ನಾನು ಅತ್ತೆ. ಅವಳು ನನ್ನನ್ನು ಬೈಯಲಿಲ್ಲ. "ನೀ ಚಲೋ ಆಗ್ಲಿ ಅಂತ ಮಾಡೀದಿ," ಎಂದು ನನ್ನ ಜಡೆ ಬಿಚ್ಚಿ ಹಿಕ್ಕತೊಡಗಿದಳು. ಹೆಣೆಯುತ್ತಲೇ, "ಆಕೀದೂ ಹಿಂಗ ಉದ್ದ ಕೂದಲಾ," ಎಂದಳು.

ಮುಂದಿನ ವರ್ಷ ಎರಡು ತಿಂಗಳು ಮೊದಲೇ ಸ್ಲೀಪರ್ ಟಿಕೆಟ್ ಮಾಡಿದೆ. ಎಲ್ಲಿಯೂ ಗುರುತು ಹಾಕಲಿಲ್ಲ. ಆದರೆ ಹೊರಡಲು ಇಪ್ಪತ್ತು ದಿನ ಇರುವಾಗ ಎದೆ ಹಿಡಿದುಕೊಂಡು ಕೂತ ದೊಡ್ಡವ್ವ ಮತ್ತೆ ಏಳಲಿಲ್ಲ. ಸೀರೆ ಅಂಗಡಿಯಿಂದ ನಂಬರು ಪಡೆದು ಮಗಳಿಗೆ ನಾನೇ ತಿಳಿಸಿದೆ. ಅವಳು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ದೊಡ್ಡಪ್ಪ ಹೊರಗೆ ಬರಲಿಲ್ಲ. ನನ್ನ ಮನೆಯಲ್ಲಿ ಅತ್ತು, ಅಂದೇ ಮರಳಿದಳು.

ವಾರದ ನಂತರ ದೊಡ್ಡಪ್ಪ ಬಂದು ಬಾಗಿಲಲ್ಲಿ ನಿಂತ.

"ಟಿಕೆಟ್ ರದ್ದು ಮಾಡ್ಲೇನ್ರಿ?" ಎಂದೆ.

"ಆಕೀದಷ್ಟು ತಗೀ, ಟೀಚರಮ್ಮ. ನಂದಿರ್ಲಿ." ಹೊರಟವನು ತಿರುಗಿದ. "ಡಬ್ಬಿ ಯಾವುದೈತಿ?"

"ಎಸ್ ಮೂರ್ರಿ."

"ಸೊಲ್ಲಾಪುರಕ್ಕ ತಿಳಸು," ಎಂದು ನನ್ನ ಮುಖ ನೋಡದೆ ಹೊರಟುಹೋದ.

ಟಿಕೆಟ್ಟಿನ ದಿನ ಅವನು ರೈಲಿಗೆ ಹೋದ ಮರುದಿನ ಮುಂಬೈಯಿಂದ ಮಗನ ಫೋನು: "ಅಪ್ಪ ಬಂದಿಲ್ರಿ ಮೇಡಂ. ಫೋನೂ ಎತ್ತವಲ್ರು." ಗಾಬರಿಯಲ್ಲಿ ಮಗಳಿಗೆ ಫೋನ್ ಹಚ್ಚಿದೆ. ಅತ್ತ ಕೂಸೊಂದು ಕಿಲಕಿಲ ನಗುತ್ತಿತ್ತು.

"ಇಲ್ಲೇ ಅದಾರ್ರೀ," ಎಂದಳು ಮಗಳು. "ಕಿಟಕ್ಯಾಗ ಮಾತಾಡ್ತಾರಂತ ಹೋಗಿದ್ದೆ. ಚೀಲ ಹಿಡ್ಕೊಂಡು ಇಳದೇ ಬಿಟ್ರು."

ಇದನ್ನು ಮೊದಲು ದೊಡ್ಡವ್ವನಿಗೆ ಹೇಳಬೇಕೆಂದು ಬರಿಗಾಲಲ್ಲೇ ಪಕ್ಕದ ಮನೆಗೆ ಓಡಿದೆ. ಬಾಗಿಲಿಗೆ ಬೀಗ ಹಾಕಿತ್ತು.